ಪ್ಯಾಸ್ಕಲ್ ಇಟ್ಟ ಸಂಜೆ

ತಾವರೆಕೆರೆ, ಬಿಟಿಎಂ ಲೇಔಟ್
ಬೆಂಗಳೂರು
8 ಜೂನ್ 2025

ಶ್ವೇತಾಗೆ, ಚಿಕ್ಕಬೈರಪ್ಪನ ಆಶೀರ್ವಾದ.

ಕಾಗದ ನೋಡಿ ಗಾಬರಿಯಾಗಬೇಡ. ಫೋನು ಮಾಡಿ ಮಾಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ರಿಂಗ್ ಆಗುತ್ತದೆ, ನೀನು ಎತ್ತುವುದಿಲ್ಲ. ನಿನಗೆ ನಿನ್ನ ಕಾರಣಗಳಿರುತ್ತವೆ, ಕೆದಕುವುದಿಲ್ಲ. ಮನೆ ಬಾಡಿಗೆಗೆ ಬಂದಾಗ ನೀನು ಕೊಟ್ಟಿದ್ದ ಸುರಪುರದ ವಿಳಾಸ ಇತ್ತು. ಕಾಗದವನ್ನಾದರೆ ಬಿಸಾಡುವ ಮೊದಲು ಒಂದು ಸಲ ಕಣ್ಣಾಡಿಸುತ್ತೀಯ ಎಂದುಕೊಂಡೆ. ನಾನು ಕಾಗದ ಬರೆದು ಯಾವ ಕಾಲವಾಯಿತೋ. ಅಕ್ಷರ ಹುಳ ಹರಿದಾಡಿದ ಹಾಗಿದೆ, ಸುಧಾರಿಸಿಕೊಂಡು ಓದು.

ವಿಷಯ ಸಣ್ಣದು. ರಘು ಹೋದ ದಿನ ನೀನಿದ್ದ ಟೆರೇಸಿನ ರೂಮಿನಲ್ಲಿ ನೀವಿಬ್ಬರೂ ಆಡುತ್ತಿದ್ದಿರಲ್ಲ, ಇಂಗ್ಲಿಷ್ ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಆ ಸ್ಕ್ರ್ಯಾಬಲ್ ಆಟ, ಅದು ಹಾಗೇ ಇದೆ. ಮೇಜಿನ ಮೇಲೆ ಬೋರ್ಡು, ಎರಡೂ ಕಡೆ ಮರದ ಪಟ್ಟಿಯಲ್ಲಿ ಬಿಲ್ಲೆಗಳು, ಒಂದನ್ನೂ ಅಲುಗಿಸಿಲ್ಲ. ಧೂಳು ಕೂರದಿರಲಿ ಎಂದು ಮೇಲೆ ಒಂದು ಪಂಚೆ ಹೊದಿಸಿದ್ದೇನೆ. ಮಂಗಮ್ಮ ಅವತ್ತಿನಿಂದ ಮೆಟ್ಟಿಲು ಹತ್ತಿಲ್ಲ, ಹೆತ್ತ ಕರುಳು. ನಾನೇ ದಿನಾ ಹೋಗಿ ಕಿಟಕಿ ತೆಗೆದು ಸ್ವಲ್ಪ ಹೊತ್ತು ಕೂತು ಬರುತ್ತೇನೆ.

ಹೋದ ವಾರ ನನ್ನ ತಂಗಿಯ ಮಗಳು ಪ್ರಿಯಾಂಕಾ ಬಂದಿದ್ದಳು. ಜಯನಗರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. ಪಂಚೆ ಸರಿಸಿ ನೋಡಿದವಳು, ‘ಮಾವ, ಕೊನೇಲಿ ಇಟ್ಟಿರೋದು ಪ್ಯಾಸ್ಕಲ್ ಅಂತ. ಅದು ಫ್ರೆಂಚ್ ತತ್ವಜ್ಞಾನಿಯೊಬ್ಬನ ಹೆಸರು. ಈ ಆಟದಲ್ಲಿ ಮನುಷ್ಯರ ಹೆಸರೆಲ್ಲ ನಡೆಯಲ್ಲ. ರಘು ಯಾಮಾರ್ಸೋಕೆ ನೋಡಿದಾನೆ’ ಎಂದು ನಕ್ಕಳು. ಅವಳು ತಮಾಷೆಗೇ ಅಂದದ್ದು. ಆದರೆ ನನಗೆ ರೇಗಿ ಹೋಯಿತು. ಅಷ್ಟು ದೊಡ್ಡ ಹುಡುಗಿಯನ್ನು ಬೈದು ಕಳಿಸಿದೆ. ಅವಳು ಹೋದಮೇಲೆ ಆ ಮಾತು ಮುಳ್ಳಿನ ಹಾಗೆ ಕೂತುಬಿಟ್ಟಿತು. ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡು ಅಂಚೆ ಮೂಲಕ ತತ್ವಶಾಸ್ತ್ರದ ಎಂಎ ಓದುತ್ತಿದ್ದ ನನ್ನ ಮಗ. ‘ಸ್ವಿಚ್ ಮಾರೋನಿಗೆ ತತ್ವ ಯಾಕ್ಲಾ?’ ಎಂದು ನಾನು ಆಡಿಕೊಳ್ಳುತ್ತಿದ್ದೆ. ಅಂಥ ಹೆಸರು ಅವನಿಗೆ ಗೊತ್ತಿದ್ದೇ ಇರುತ್ತದೆ. ಗೊತ್ತಿದ್ದೂ ಇಟ್ಟನೇ? ಅವನು ಕೊನೆಯದಾಗಿ ಮಾಡಿದ ಕೆಲಸ ಒಂದು ಸಣ್ಣ ಮೋಸವೇ?

ಹುಚ್ಚು ಮುದುಕ ಎನ್ನು ಬೇಕಾದರೆ. ಒಂದೇ ಸಾಲು ಉತ್ತರ ಬರೆ.

ಇತಿ,
ಚಿಕ್ಕಬೈರಪ್ಪ


ಸುರಪುರ
2 ಜುಲೈ 2025

ಅಂಕಲ್ ಅವರಿಗೆ ಶ್ವೇತಾಳ ನಮಸ್ಕಾರಗಳು.

ರಘು ಮೋಸ ಮಾಡಲಿಲ್ಲ. ಅವನಿಗೆ ಮೋಸ ಮಾಡಲು ಬರುತ್ತಿರಲಿಲ್ಲ, ಅದಕ್ಕೇ ಬಹಳ ಸಲ ಸೋಲುತ್ತಿದ್ದ.

ಆ ಪದ ಇಟ್ಟವಳು ನಾನು. ಅದು ತತ್ವಜ್ಞಾನಿಯ ಹೆಸರು ಎಂದು ಪ್ರಿಯಾಂಕಾ ಹೇಳಿದ್ದು ಸರಿ. ಆದರೆ ಅದು ಇಂಗ್ಲಿಷಿನಲ್ಲಿ ಪದವೂ ಹೌದು. ಒತ್ತಡವನ್ನು ಅಳೆಯುವ ಮಾನಕ್ಕೆ ಆತನ ಹೆಸರನ್ನೇ ಇಟ್ಟಿದ್ದಾರೆ. ಜೆ.ಪಿ. ನಗರದಲ್ಲಿ ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಕಾರ್ಖಾನೆಗಳ ಪ್ರೆಷರ್ ಮೀಟರುಗಳು ಸರಿ ತೋರಿಸುತ್ತವೆಯೇ ಎಂದು ಪರೀಕ್ಷಿಸುತ್ತಿದ್ದೆವು. ದಿನಾ ಆ ಪದ ಟೈಪ್ ಮಾಡುತ್ತಿದ್ದೆ. ಅದನ್ನು ಆಟದಲ್ಲಿ ಇಡಬಹುದು.

ಈಗ ಬೋರ್ಡನ್ನು ಡಬ್ಬಕ್ಕೆ ಹಾಕಿ ಇಟ್ಟುಬಿಡಿ ಅಂಕಲ್. ದಯವಿಟ್ಟು ಇದಕ್ಕಿಂತ ಹೆಚ್ಚು ಕೇಳಬೇಡಿ. ಆಂಟಿಗೆ ನಾನು ಬರೆದೆನೆಂದು ಹೇಳಬೇಡಿ.

ಇಂತು ನಮಸ್ಕಾರಗಳೊಂದಿಗೆ,
ಶ್ವೇತಾ


ತಾವರೆಕೆರೆ
10 ಜುಲೈ 2025

ಶ್ವೇತಾಗೆ ಆಶೀರ್ವಾದ.

ನಿನ್ನ ಕಾಗದ ಬಂದ ಸಂಜೆಯೇ ಪ್ರಿಯಾಂಕಾಳಿಗೆ ಫೋನು ಮಾಡಿ ಓದಿ ಹೇಳಿದೆ. ಹುಡುಕಿ ನೋಡಿದವಳು ‘ಅಯ್ಯೋ, ಹೌದು ಮಾವ, ನಂದೇ ತಪ್ಪು’ ಅಂದಳು. ಅವತ್ತು ಹೊಟ್ಟೆ ತುಂಬ ಉಂಡೆ.

ಹೆಚ್ಚು ಕೇಳಬೇಡಿ ಅಂದಿದ್ದೀಯ. ಕೇಳಬಾರದು ಎಂದೇ ನಾಲ್ಕಾರು ದಿನ ಸುಮ್ಮನಿದ್ದೆ, ಆಗುತ್ತಿಲ್ಲ. ಸುತ್ತಿ ಬಳಸುವುದು ನನಗೆ ಬರುವುದಿಲ್ಲ. ಬೋರ್ಡಿನ ವಿಷಯ ಎತ್ತಿದ್ದೂ ಒಂದು ನೆಪವೇ ಅನ್ನು.

ಅವತ್ತು ಮಂಗಮ್ಮ ಕೆಳಗೆ ಪೋರ್ಟಿಕೋದಲ್ಲಿ ಹೂವು ಕಟ್ಟುತ್ತ ಕೂತಿದ್ದಳು. ಮೇಲೆ ನೀವಿಬ್ಬರೂ ಜೋರು ಜೋರಾಗಿ ಮಾತಾಡುವುದು ಕೇಳಿಸಿತಂತೆ. ಆಮೇಲೆ ನೀನು ‘ಹೋಗು, ಅದನ್ನ ನೋಡ್ಕೊಂಡಽ ಬಾ, ಅಲ್ಲೀತನಾ ಮಾರಿ ತೋರಿಸಬ್ಯಾಡ’ ಎಂದೆಯಂತೆ. ರಘು ದಡದಡ ಇಳಿದು ಅವಳ ಮುಂದೆಯೇ ಸ್ಕೂಟರ್ ತೆಗೆದು ಹೋದ. ‘ಎಲ್ಲಿಗ್ಲಾ?’ ಎಂದರೆ ‘ಬಂದೆ ಅಮ್ಮಾ’ ಅಂದನಂತೆ. ಬನ್ನೇರುಘಟ್ಟ ರಸ್ತೆಯಲ್ಲಿ ನೀರಿನ ಟ್ಯಾಂಕರು ಬಡಿಯಿತು. ಬರಲಿಲ್ಲ.

ಅವಳು ಆ ಮಾತನ್ನು ಹಿಡಿದುಕೊಂಡು ಕೂತಿದ್ದಾಳೆ. ‘ಮುಖ ತೋರಿಸಬೇಡ ಅಂತ ಬಾಯ್ಬಿಟ್ಟು ಅಂದ್ಲು, ಹಂಗೇ ಆಯ್ತು’ ಅನ್ನುತ್ತಾಳೆ. ಹನ್ನೊಂದನೇ ದಿನದ ಕಾರ್ಯಕ್ಕೆ ನೀನು ಕೆಳಗಿಳಿದು ಬಂದಾಗ ಅವಳು ಮುಖ ತಿರುಗಿಸಿದ್ದು ಅದಕ್ಕೇ. ನೀನು ಗಂಟುಮೂಟೆ ಕಟ್ಟಿಕೊಂಡು ಹೋಗಿದ್ದೂ ಅದಕ್ಕೇ ಎಂದು ನನಗೆ ಗೊತ್ತು. ನಾನು ತಡೆಯಲಿಲ್ಲ. ನನಗೆ ಆಗ ಯಾರ ಮುಖವೂ ಕಾಣುತ್ತಿರಲಿಲ್ಲ.

ನಿನ್ನ ಮೇಲೆ ತಪ್ಪು ಹೊರಿಸುವುದಕ್ಕೆ ಬರೆಯುತ್ತಿಲ್ಲ, ನನ್ನ ಮಗನಾಣೆ. ನನಗೆ ಗೊತ್ತಾಗಬೇಕಾಗಿರುವುದು ಇಷ್ಟೇ. ಅವನು ಸಿಟ್ಟು ಮಾಡಿಕೊಂಡು ಹೋದನೇ? ಸಿಟ್ಟಿನಲ್ಲಿ ಗಾಡಿ ಓಡಿಸಿದನೇ? ಎಲ್ಲಿಗೆ ಹೋದ? ನವೆಂಬರಿಗೆ ವರ್ಷದ ತಿಥಿ ಬರುತ್ತದೆ. ಅಷ್ಟರೊಳಗೆ ಇದು ಗೊತ್ತಾಗದಿದ್ದರೆ ಎಡೆ ಇಡುವಾಗ ಯಾವ ಮನಸ್ಸಿನಿಂದ ಅವನನ್ನು ಕರೆಯಲಿ? ನಗುತ್ತಾ ಹೋದವನನ್ನು ಕರೆಯುವುದೇ ಬೇರೆ, ನೊಂದು ಹೋದವನನ್ನು ಕರೆಯುವುದೇ ಬೇರೆ.

ಇತಿ,
ಚಿಕ್ಕಬೈರಪ್ಪ


ಸುರಪುರ
17 ಆಗಸ್ಟ್ 2025

ಅಂಕಲ್ ಅವರಿಗೆ ಶ್ವೇತಾಳ ನಮಸ್ಕಾರಗಳು.

ಉತ್ತರ ತಡವಾಯಿತು. ಬರೆದು ಹರಿದೆ, ಮತ್ತೆ ಬರೆದೆ. ‘ಯಾರಿಗವ್ವಾ, ಇಷ್ಟೊತ್ತಿನ ಮಟ ಬರಿಯಾಕತ್ತೀದಿ?’ ಎಂದು ಅವ್ವ ಕೇಳಿದಳು. ಹಳೆಯ ಆಫೀಸಿಗೆ ಎಂದೆ.

ಆಂಟಿ ಕೇಳಿಸಿಕೊಂಡದ್ದು ನಿಜ. ನಾನು ಹಾಗೆ ಅಂದೆ. ನಮ್ಮ ಕಡೆ ಅವ್ವಂದಿರು ಮಕ್ಕಳಿಗೆ ದಿನಕ್ಕೆ ಹತ್ತು ಸಲ ಅನ್ನುವ ಮಾತು ಅದು. ರಘುವಿಗೆ ನಾನು ಹಾಗೆ ಮಾತಾಡಿದರೆ ಖುಷಿ. ಬೇಕೆಂದೇ ಕೆಣಕಿ ಅನ್ನಿಸಿಕೊಳ್ಳುತ್ತಿದ್ದ. ಆದರೆ ಅಂದದ್ದು ಅಂದದ್ದೇ. ಆಂಟಿ ಆ ಮಾತನ್ನು ಮರೆತಿಲ್ಲ. ನಾನೂ ಮರೆತಿಲ್ಲ.

ನಮ್ಮ ಆಟಕ್ಕೆ ನಮ್ಮದೇ ಕಟ್ಟಳೆಯಿತ್ತು. ಫೋನು ಮುಟ್ಟುವಂತಿಲ್ಲ. ಪದದ ಬಗ್ಗೆ ಜಗಳ ಬಂದರೆ ತಿಲಕ್ ನಗರದ ಸಿದ್ದರಾಜು ಅಂಗಡಿಗೆ ಹೋಗಬೇಕು. ರಘುವಿನ ಗೆಳೆಯ, ಹಳೆ ಪುಸ್ತಕ ಮಾರುತ್ತಾರೆ, ಜೆರಾಕ್ಸ್ ಮಾಡುತ್ತಾರೆ, ನಿಮಗೂ ಗೊತ್ತಲ್ಲ. ಅವರ ಹತ್ತಿರ ಒಂದು ದಪ್ಪ ಡಿಕ್ಷನರಿ ಇದೆ. ಅದರಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಟ ಮುಗಿಸಿ ಸಂಜೆ ಇಬ್ಬರೂ ನಡೆದುಕೊಂಡು ಹೋಗಿ ನೋಡಿ, ಸೋತವರು ಮಸಾಲೆ ಪುರಿ ಕೊಡಿಸಿ ಬರುತ್ತಿದ್ದೆವು.

ಅವತ್ತು ನಾನು ಪ್ಯಾಸ್ಕಲ್ ಇಟ್ಟೆ. ರಘು ಚಪ್ಪಾಳೆ ಹೊಡೆದು ನಕ್ಕ. ‘ಏಯ್, ಆತ ಫ್ರಾನ್ಸಿನ ತತ್ವಜ್ಞಾನಿ ಕಣೇ, ಹೋದ ಸೆಮಿಸ್ಟರ್ ಪೂರ್ತಿ ಅವನನ್ನೇ ಓದಿದೀನಿ. ಹೆಸರೆಲ್ಲ ನಡೆಯಲ್ಲ, ತೆಗಿ’ ಎಂದ. ಅವನಿಗೆ ಅವನ ಓದಿನ ಧೈರ್ಯ, ನನಗೆ ನನ್ನ ಲ್ಯಾಬಿನ ಧೈರ್ಯ. ಇಬ್ಬರೂ ಬಿಡಲಿಲ್ಲ. ಆಂಟಿಗೆ ಕೇಳಿಸಿದ್ದು ಆ ಜಗಳ. ಆಗ ಬಾಜಿ ಕಟ್ಟಿದೆವು.

ಬಾಜಿ ಏನು ಎಂದು ಬರೆಯಲು ಇಷ್ಟು ದಿನ ಬೇಕಾಯಿತು ಅಂಕಲ್. ಸೋತವರು ಕೆಳಗೆ ಹೋಗಿ ನಿಮ್ಮಿಬ್ಬರ ಮುಂದೆ ನಮ್ಮ ವಿಷಯ ಹೇಳಬೇಕು. ನಾವು ಮದುವೆಯಾಗಬೇಕೆಂದಿದ್ದೆವು. ಎರಡು ವರ್ಷದಿಂದ ಇವತ್ತು ಹೇಳೋಣ, ಹಬ್ಬ ಕಳೆಯಲಿ, ಅಪ್ಪನ ಬಿಪಿ ಇಳಿಯಲಿ ಎಂದು ಮುಂದೆ ಹಾಕುತ್ತ ಬಂದಿದ್ದೆವು. ನಾನು ನಿಮ್ಮವಳಲ್ಲ, ಬಾಡಿಗೆಗಿದ್ದವಳು, ಎಲ್ಲಿಂದಲೋ ಬಂದವಳು. ಅವನಿಗೆ ನಿಮ್ಮ ಭಯ. ನನಗೆ ಆಂಟಿಯ ಭಯ.

‘ನಡಿ, ಈಗ್ಲೇ ಹೋಗಿ ನೋಡೋಣ’ ಎಂದ. ನಾನು ಬಟ್ಟೆ ನೆನೆಹಾಕಿದ್ದೆ. ನಲ್ಲಿ ನೀರು ನಿಂತುಹೋಗುವ ಹೊತ್ತು. ಅದಕ್ಕೆ, ನೀನೊಬ್ಬನೇ ಹೋಗು, ಎಂದೆ. ಹೊರಟ. ಅಷ್ಟೇ ನನಗೆ ಗೊತ್ತಿರುವುದು. ಇಳಿಯುವಾಗ ನಗುತ್ತಿದ್ದ ಎಂದೇ ನೆನಪು, ಆದರೆ ನಾನು ಬಕೆಟ್ಟಿನ ಕಡೆ ತಿರುಗಿದ್ದೆ, ಸರಿಯಾಗಿ ನೋಡಲಿಲ್ಲ. ನೋಡಲಿಲ್ಲವಲ್ಲ ಎಂದೇ ಈಗ ದಿನಾ ಸಾಯುತ್ತಿದ್ದೇನೆ. ಅವನು ಅಂಗಡಿ ಮುಟ್ಟಿದನೋ ಇಲ್ಲವೋ ಅದೂ ಗೊತ್ತಿಲ್ಲ. ನನ್ನ ಮೇಲೆ ಬೇಜಾರು ಮಾಡಿಕೊಂಡಿದ್ದನೋ ಗೊತ್ತಿಲ್ಲ. ಸಿದ್ದರಾಜು ಅವರನ್ನು ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಯಾವುದೋ ದೇಶದ, ಯಾವುದೋ ಕಾಲದ ಒಬ್ಬ ಮನುಷ್ಯನ ಹೆಸರು. ನನ್ನ ಕೈಯಲ್ಲಿ ಬೇರೆ ಪದಗಳೂ ಇದ್ದವು ಅಂಕಲ್. ಬೇರೆ ಇಡಬಹುದಾಗಿತ್ತು.

ನನ್ನನ್ನು ಬೈಯಬೇಕೆನಿಸಿದರೆ ಬೈದು ಬರೆಯಿರಿ. ಬರೆಯದೆ ಮಾತ್ರ ಇರಬೇಡಿ.

ಶ್ವೇತಾ


ತಾವರೆಕೆರೆ
31 ಆಗಸ್ಟ್ 2025

ಶ್ವೇತಾಗೆ ಆಶೀರ್ವಾದ.

ನಿನ್ನ ಕಾಗದ ಓದಿ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ನೇರ ತಿಲಕ್ ನಗರಕ್ಕೆ ಹೋದೆ. ಒಂದು ವಿಷಯ ನನಗೆ ಆಗಲೇ ಹೊಳೆದಿತ್ತು. ಅವನ ಸ್ಕೂಟರ್ ಬಿದ್ದಿದ್ದು ಮನೆ ಕಡೆಗೆ ಬರುವ ಬದಿಯಲ್ಲಿ. ಅಂದರೆ ಅವನು ಹೋಗಿ ನೋಡಿಕೊಂಡು ವಾಪಸು ಬರುತ್ತಿದ್ದ.

ಸಿದ್ದರಾಜು ನನ್ನನ್ನು ಕಂಡವನೇ ಜೆರಾಕ್ಸ್ ಮಿಷನ್ ಆಫ್ ಮಾಡಿ ಎದ್ದು ನಿಂತ. ಕೇಳುವ ಮೊದಲೇ ಅಳತೊಡಗಿದ. ಆಮೇಲೆ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ. ‘ಬಂದ ಅಪ್ಪಾ. ಡಿಕ್ಷನರಿ ತೆಗೆದು ನೋಡ್ದ. ನೋಡಿದ್ದೇ ನೋಡಿದ್ದು, ನಗೋಕ್ ಶುರು ಮಾಡ್ದ ನೋಡಿ, ಗಿರಾಕಿಗಳೆಲ್ಲ ತಿರುಗಿ ನೋಡೋ ಹಂಗೆ. ಸೋತೆ ಗುರು, ಆ ಪುಣ್ಯಾತ್ಮನ್ ಹೆಸರನ್ನ ಪದ ಮಾಡಿ ಮಡಗ್ಬಿಟ್ಟವ್ರೆ, ಇವತ್ತು ಅಪ್ಪನ ಮುಂದೆ ನಿಂತ್ಕೊಳ್ಲೇಬೇಕು ಅಂದ. ಟೀ ಕುಡ್ದು ಹೋಗು ಅಂದೆ. ಬೇಡ ಮಗಾ, ಧೈರ್ಯ ಇಳಿಯೋದ್ರೊಳಗೆ ಹೋಗ್ಬಿಡ್ತೀನಿ ಅಂದ. ಹೋದ. ಇನ್ನೊಂದ್ ಸಲ ಬಲವಂತ ಮಾಡಿ ಟೀ ಕುಡಿಸಿದ್ರೆ ಆ ಟ್ಯಾಂಕರ್ ಹೊರಟೋಗಿರ್ತಿತ್ತು ಅಪ್ಪಾ.’ ಇದನ್ನು ಹೇಳಿದರೆ ನೀನೇ ಯಾಕೆ ನಿಲ್ಲಿಸಿಕೊಳ್ಳಲಿಲ್ಲ ಎಂದು ಬೈಯುತ್ತಾರೇನೋ ಎಂದು ಆ ಹುಡುಗ ಇಷ್ಟು ದಿನ ನಮ್ಮ ಬೀದಿಗೇ ಬಂದಿಲ್ಲ.

ನೋಡು ಶ್ವೇತಾ. ಬೇರೆ ಪದ ಇಟ್ಟಿದ್ದರೆ ಅನ್ನುತ್ತೀಯ ನೀನು. ಟೀ ಕುಡಿಸಿದ್ದರೆ ಅನ್ನುತ್ತಾನೆ ಅವನು. ಮಂಗಮ್ಮ, ಎದ್ದು ಗೇಟಿಗೆ ಅಡ್ಡ ನಿಂತಿದ್ದರೆ ಅನ್ನುತ್ತಾಳೆ. ಆ ಸ್ಕೂಟರ್ ತೆಗೆಸಿಕೊಟ್ಟವನು ನಾನು. ಎಲ್ಲರೂ ಇದನ್ನೇ ಮೆಲುಕು ಹಾಕುತ್ತ ಕೂತರೆ ಆ ಹುಡುಗನ ನಗು ಯಾರಿಗೂ ನೆನಪಿರುವುದಿಲ್ಲ. ಅವನು ನಗುತ್ತಾ ಬರುತ್ತಿದ್ದ. ನಿನಗೆ ಹೇಳುವುದಕ್ಕೆ ಬರುತ್ತಿದ್ದ, ನೀನೇ ಸರಿ ಎಂದು. ಇದನ್ನು ನಿನಗೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಸಲ ಓದಿಕೋ.

ಮಂಗಮ್ಮನಿಗೆ ಸಿದ್ದರಾಜು ಹೇಳಿದ್ದರಲ್ಲಿ ಅರ್ಧ ಹೇಳಿದೆ. ‘ನಗ್ತಿದ್ನಂತಾ?’ ಎಂದಳು. ಹೌದು ಎಂದೆ. ಉಣ್ಣುವಾಗ ಮತ್ತೆ ‘ಜೋರಾಗಿ ನಗ್ತಿದ್ನಂತಾ?’ ಎಂದಳು. ಬೆಳಗ್ಗೆ ಎದ್ದು ನೋಡಿದರೆ ಹಾಸಿಗೆಯಲ್ಲಿ ಇರಲಿಲ್ಲ. ಮೇಲಿನ ರೂಮು ಗುಡಿಸಿ ಒರೆಸುತ್ತಿದ್ದಳು.

ಬಾಜಿಯ ವಿಷಯ ಅವಳಿಗೆ ಹೇಳಿಲ್ಲ. ಬಾಯಿಗೆ ಬಂತು, ಆಚೆ ಬರಲಿಲ್ಲ. ಮಗನಿಗೆ ಪುಕ್ಕಲುತನ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತು.

ಇನ್ನೊಂದು ಮಾತು. ಅವನು ಬಂದು ಹೇಳಿದ್ದರೆ ನಾನು ಏನು ಅನ್ನುತ್ತಿದ್ದೆ ಎಂದು ದಿನಾ ಯೋಚಿಸುತ್ತೇನೆ. ಸಂತೋಷದಿಂದ ಒಪ್ಪುತ್ತಿದ್ದೆ ಎಂದು ಬರೆದರೆ ನಿನಗೆ ಹಿತವಾಗಬಹುದು, ಆದರೆ ಅದು ಸುಳ್ಳು. ಕೂಗಾಡುತ್ತಿದ್ದೆ. ಜಾತಿ ಎತ್ತುತ್ತಿದ್ದೆ, ಊರು ಎತ್ತುತ್ತಿದ್ದೆ. ಈ ಬಿಟಿಎಂ ಎಲ್ಲ ರಾಗಿ ಹೊಲವಾಗಿದ್ದಾಗಿನಿಂದ ಇಲ್ಲಿರುವವರು ನಾವು ಎಂದು ದೊಡ್ಡಸ್ತಿಕೆ ಕೊಚ್ಚುತ್ತಿದ್ದೆ. ಒಂದು ತಿಂಗಳು ಅವನ ಜೊತೆ ಕೂತು ಉಣ್ಣುತ್ತಿರಲಿಲ್ಲ. ಆಮೇಲೆ ಸೋಲುತ್ತಿದ್ದೆ. ಅವನ ಮುಂದೆ ನಾನು ಗೆದ್ದಿದ್ದು ಯಾವತ್ತೂ ಇಲ್ಲ. ಆ ಜಗಳ ಸಹ ನನ್ನ ಪಾಲಿಗೆ ಬರಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ನನ್ನ ಮುಂದೆ ನಿಂತು ಅವನು ಏನೆಂದು ಶುರು ಮಾಡುತ್ತಿದ್ದ? ನಿನಗೇನಾದರೂ ಗೊತ್ತಿದ್ದರೆ ಬರೆ.

ಇತಿ,
ಚಿಕ್ಕಬೈರಪ್ಪ


ಸುರಪುರ
28 ಸೆಪ್ಟೆಂಬರ್ 2025

ಅಂಕಲ್ ಅವರಿಗೆ ಶ್ವೇತಾಳ ನಮಸ್ಕಾರಗಳು.

ಎರಡು ಸಲ ಅಲ್ಲ, ಎಷ್ಟು ಸಲ ಓದಿದೆನೋ. ಅವ್ವ ಕಾಗದ ಕಸಿದುಕೊಂಡು ‘ಏನಾಗೇತಿ ಹೇಳ’ ಎಂದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಅವನು ಹೋದಮೇಲೆ ಒಬ್ಬರ ಮುಂದೆ ಬಾಯಿಬಿಟ್ಟು ಅತ್ತಿದ್ದು ಅದೇ ಮೊದಲು. ಅಲ್ಲಿ ನಿಮ್ಮ ಮನೆಯಲ್ಲಿ ಅಳುವುದಕ್ಕೆ ನನಗೆ ಯಾವ ಹಕ್ಕೂ ಇರಲಿಲ್ಲ. ಬಾಡಿಗೆಯವಳು ಎಷ್ಟು ಅಳಬಹುದೋ ಅಷ್ಟೇ ಅತ್ತು ರೂಮಿಗೆ ಬಂದಿದ್ದೆ. ಆದರೂ ಅವ್ವನಿಗೆ ಪೂರ್ತಿ ಹೇಳಲಾಗಲಿಲ್ಲ. ಗೆಳೆಯ ಎಂದಷ್ಟೇ ಹೇಳಿದ್ದೇನೆ.

ನೀವು ಕೂಗಾಡುತ್ತಿದ್ದೆ ಎಂದು ಬರೆದದ್ದು ಓದಿ ನಗು ಬಂತು ಅಂಕಲ್, ಬೇಜಾರು ಮಾಡಿಕೊಳ್ಳಬೇಡಿ. ಅವನಿಗೆ ಅದೆಲ್ಲ ಗೊತ್ತಿತ್ತು. ನಾವು ಟೆರೇಸಿನ ರೂಮಿನಲ್ಲಿ ಇದನ್ನು ಅಭ್ಯಾಸ ಮಾಡುತ್ತಿದ್ದೆವು. ನಾನು ನೀವಾಗುತ್ತಿದ್ದೆ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಇಲ್ಲದ ಮೀಸೆ ತೀಡಿ, ‘ಏನ್ಲಾ ಅದು, ಅಂಗಡಿ ಬಿಟ್ಟು ಬಂದಿದೀಯಾ?’ ಅನ್ನುತ್ತಿದ್ದೆ. ಅವನು ಬಾಗಿಲ ಹತ್ತಿರ ಕೈಕಟ್ಟಿ ನಿಲ್ಲುತ್ತಿದ್ದ. ಪ್ರತಿ ಸಲವೂ ಒಂದೇ ಮಾತು, ಅದು ಬದಲಾಗುತ್ತಿರಲಿಲ್ಲ. ನೀವು ಕೇಳಿದಿರೆಂದು ಬರೆಯುತ್ತಿದ್ದೇನೆ. ಇದು ನನ್ನ ಮಾತಲ್ಲ, ಅವನದು.

‘ಅಪ್ಪ, ಬಯ್ಯೋದಿದ್ರೆ ಆಮೇಲೆ ಬಯ್ಯಿ, ಮೊದ್ಲು ಪೂರ್ತಿ ಕೇಳು. ನಾನು ಶ್ವೇತಾನ ಮದ್ವೆ ಆಗ್ತೀನಿ. ಬೇರೆ ಯಾರನ್ನೂ ಆಗಲ್ಲ. ನೀನು ಹೂಂ ಅನ್ನೋವರೆಗೂ ಕಾಯ್ತೀನಿ, ಎಷ್ಟ್ ವರ್ಷ ಆದ್ರೂ ಸರಿ. ಅಮ್ಮಂಗೆ ಮಾತ್ರ ನೀನೇ ಹೇಳ್ಬೇಕು. ನನ್ ಕೈಲಿ ಆಗಲ್ಲ.’

ಇಷ್ಟೇ. ಇಲ್ಲಿಗೆ ಬರುವಷ್ಟರಲ್ಲಿ ಇಬ್ಬರಿಗೂ ನಗು ಬಂದುಬಿಡುತ್ತಿತ್ತು. ಇದರ ಮುಂದೆ ನೀವು ಏನನ್ನುತ್ತೀರಿ ಎಂಬುದನ್ನು ನಾವು ಒಂದು ಸಲವೂ ಆಡಿ ಮುಗಿಸಲಿಲ್ಲ.

ನಿಮ್ಮ,
ಶ್ವೇತಾ


ತಾವರೆಕೆರೆ
9 ಅಕ್ಟೋಬರ್ 2025

ಶ್ವೇತಾಗೆ,

ತಿಥಿ ನವೆಂಬರ್ ಮೂರನೇ ವಾರ. ದಿನ ನೋಡಿಸಿ ತಿಳಿಸುತ್ತೇನೆ. ಬಸ್ಸಿನಲ್ಲಿ ಬರುವುದಾದರೆ ಯಾವ ಸ್ಟಾಪಿನಲ್ಲಿ ಇಳಿಯುತ್ತೀಯ ಎಂದು ಬರೆ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ನಿನ್ನ ತಾಯಿಯನ್ನೂ ಕರೆದುಕೊಂಡು ಬಾ.

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಒಂದು ವಾರ ಓಡಾಡಿದೆ. ಅಮ್ಮಂಗೆ ನೀನೇ ಹೇಳಬೇಕು ಅಂದಿದ್ದಾನೆ. ಅವನು ನನಗೆ ಒಪ್ಪಿಸಿದ ಕೆಲಸ ಅದೊಂದೇ ಉಳಿದಿರುವುದು. ಇವತ್ತು ಬೆಳಗ್ಗೆ ತಿಂಡಿ ಆದಮೇಲೆ ಹೇಳಿಬಿಟ್ಟೆ. ಅವಳು ಅಡುಗೆಮನೆ ಬಾಗಿಲಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ನಾನು ಎದುರಿಗೆ ಕೂತು, ಬಯ್ಯೋದಿದ್ದರೆ ಆಮೇಲೆ ಬಯ್ಯಿ ಅನ್ನುವಲ್ಲಿಂದ ಕೊನೆಯ ತನಕ ಒಂದಕ್ಷರ ಬಿಡದೆ ಓದಿದೆ. ನಡುವೆ ಒಂದು ಸಲ ಓದು ನಿಲ್ಲಿಸಿದೆ. ನೀರು ತಂದುಕೊಟ್ಟಳು. ಮತ್ತೆ ಕೂತು ಸೊಪ್ಪು ಕೈಗೆ ತೆಗೆದುಕೊಂಡಳು. ಇನ್ನೇನು ಕೂಗಾಡುತ್ತಾಳೆ ಎಂದು ನಾನು ಕಾಯುತ್ತಿದ್ದೆ.

ಅರ್ಧ ಕಟ್ಟು ಬಿಡಿಸಿದ ಮೇಲೆ, ತಲೆಯೆತ್ತದೆ, ‘ಅವಳ ಅಮ್ಮ ಒಪ್ತಾರಂತಾ?’ ಎಂದಳು.

ಗೊತ್ತಿಲ್ಲ ಎಂದೆ. ಸೊಪ್ಪೆಲ್ಲ ಬಿಡಿಸಿ ಮುಗಿಸಿ, ಮೊರ ಎತ್ತಿಕೊಂಡು ಒಳಗೆ ಹೋಗುವವಳು ಬಾಗಿಲಲ್ಲಿ ನಿಂತು ಹೇಳಿದಳು. ‘ಆಗ್ಲಿ ಅನ್ನಿ ಅವನಿಗೆ. ಅಮ್ಮ ಬೇಡ ಅನ್ಲಿಲ್ಲ ಅನ್ನಿ. ಹೆದರ್ಕೊಂಡ್ ಹೆದರ್ಕೊಂಡ್ ಓಡಾಡೋದ್ ಬೇಡ.’

ಹೇಳು ಅಂದಿದ್ದಾಳೆ. ಹೇಳದೆ ಇರುವುದಕ್ಕೆ ನನ್ನಿಂದ ಆಗುವುದಿಲ್ಲ. ಯಾರ ಹತ್ತಿರ ಹೋಗಿ ಹೇಳಲಿ? ಅದಕ್ಕೆ ನಿನಗೆ ಬರೆಯುತ್ತಿದ್ದೇನೆ ಮಗಳೇ. ನಾವಿಬ್ಬರೂ ಒಪ್ಪಿದ್ದೇವೆ.

ನಿನ್ನ ಮಾವ,
ಚಿಕ್ಕಬೈರಪ್ಪ